ಚಾರ್ಜಿಂಗ್ ಪೋರ್ಟ್ ಮುಂದಿರಬೇಕೇ, ಹಿಂದಿರಬೇಕೇ?

ಮಡಿಕೇರಿ ಸಮೀಪದ ತೋಟದ ಮನೆಯಲ್ಲಿರುವ ನೀವು, ಕಾರನ್ನು ಮೂತಿ ಒಳಗಾಗಿ ಶೆಡ್ಡಿಗೆ ಹಾಕುವುದು ರೂಢಿಯಾದ್ದರಿಂದ ಮುಂಭಾಗದಲ್ಲಿ ಚಾರ್ಜಿಂಗ್ ಪೋರ್ಟ್ (ಕೇಬಲ್ ಸಿಕ್ಕಿಸುವ ಕಿಂಡಿ) ಇರುವ ಎಲೆಕ್ಟ್ರಿಕ್ ಕಾರನ್ನೇ ಕೊಳ್ಳಬೇಕೇ ಎಂದು ಕೇಳಿದ್ದೀರಿ. ನಾನೂ ಕೊಡಗಿನಲ್ಲೇ ಇದ್ದು, ಮನೆಯಲ್ಲೇ ಚಾರ್ಜ್ ಮಾಡಿಕೊಂಡು ಕಾರು ಓಡಿಸುವವನು. ಪೋರ್ಟ್ ನೋಡಿ ಕಾರು ಆರಿಸಬೇಡಿ ಎಂಬುದೇ ನನ್ನ ಸಲಹೆ. ಕಾರನ್ನು ರಿವರ್ಸ್‌ನಲ್ಲಿ ಒಳಗೆ ಹಾಕುವುದನ್ನು ರೂಢಿಸಿಕೊಂಡು, ಆಮೇಲೆ ಸಾಕೆಟ್ ಎಲ್ಲಿರಬೇಕೆಂದು ತೀರ್ಮಾನಿಸಿ.

ಈ ವಿಷಯದಲ್ಲಿ ಕಂಪನಿಗಳಲ್ಲೇ ಒಮ್ಮತವಿಲ್ಲ. ಟಾಟಾ ಪಂಚ್ ಇವಿ, ಹ್ಯುಂಡೈ ಕ್ರೆಟಾ ಎಲೆಕ್ಟ್ರಿಕ್, ಎಂಜಿ ಕಾಮೆಟ್ ಇವುಗಳಿಗೆ ಪೋರ್ಟ್ ಮೂತಿಯಲ್ಲಿದೆ. ಮಹೀಂದ್ರ ಎಕ್ಸ್‌ಯುವಿ 400ಕ್ಕೆ ಮುಂದಿನ ಎಡ ಫೆಂಡರಿನಲ್ಲಿ (ಚಕ್ರದ ಮೇಲಿನ ಭಾಗದಲ್ಲಿ), ಹ್ಯುಂಡೈ ಅಯಾನಿಕ್ 5ಕ್ಕೆ ಹಿಂದಿನ ಬಲಬದಿಯಲ್ಲಿದೆ. ರಸ್ತೆಯ ಬಲಗಡೆ ಸಾಗುವ ಕೊರಿಯಾದಲ್ಲಿ ಬಲಬದಿಯೆಂದರೆ ರಸ್ತೆಯ ಅಂಚಿನ ಕಡೆ, ಎಡಗಡೆ ಸಾಗುವ ನಮ್ಮಲ್ಲಿ ಅದೇ ಬದಿ ವಾಹನಗಳು ಓಡಾಡುವ ಕಡೆಗೆ ಬರುತ್ತದೆ. ರಸ್ತೆ ಬದಿಯಲ್ಲಿ ನಿಲ್ಲಿಸಿ ಚಾರ್ಜ್ ಮಾಡುವವರಿಗೆ ಈ ವ್ಯತ್ಯಾಸ ಸಣ್ಣದಲ್ಲ.

ರಿವರ್ಸ್‌ನಲ್ಲಿ ಹಾಕಿ ಎನ್ನುವುದಕ್ಕೂ ಚಾರ್ಜಿಂಗಿಗೂ ನೇರ ಸಂಬಂಧವಿಲ್ಲ. ನಮ್ಮ ತೋಟದ ದಾರಿಗಳು ಬಹುಮಟ್ಟಿಗೆ ಇಳಿಜಾರಿನಲ್ಲಿ ಸಾಗಿ ತಿರುವಿನಲ್ಲೇ ಮುಖ್ಯರಸ್ತೆಯನ್ನು ಸೇರುತ್ತವೆ. ಜುಲೈ ತಿಂಗಳ ಮಂಜಿನಲ್ಲಿ, ಮರದ ಲಾರಿಗಳು, ಬಸ್ಸುಗಳು ಓಡಾಡುವ ರಸ್ತೆಗೆ ಹಿಂದುಹಿಂದಾಗಿ ಬರುವುದು ನಿಜಕ್ಕೂ ಅಪಾಯ. ಸಂಜೆ ಮನೆಗೆ ಬಂದಾಗ ಸಾವಕಾಶವಾಗಿ ಹಿಂದಕ್ಕೆ ತೆಗೆದು ನಿಲ್ಲಿಸಿದರೆ ಬೆಳಿಗ್ಗೆ ರಸ್ತೆ ಕಣ್ಣೆದುರೇ ಇರುತ್ತದೆ. ಇದು ಪೆಟ್ರೋಲ್ ಕಾರಿಗೂ ಅನ್ವಯಿಸುವ ಮಾತು.

ಹಾಗೆ ನಿಲ್ಲಿಸುವುದಾದರೆ ಹಿಂಬದಿಯ ಪೋರ್ಟಿಗೆ ಸಾಕೆಟ್ ಶೆಡ್ಡಿನ ಒಳಗೋಡೆಯಲ್ಲಿದ್ದರೆ ಸಾಕು. ಮೂತಿಯಲ್ಲಿ ಪೋರ್ಟ್ ಇರುವ ಕಾರಾದರೆ ಸಾಕೆಟ್ಟನ್ನು ಶೆಡ್ಡಿನ ಬಾಯಿಯ ಬಳಿಯ ಕಂಬಕ್ಕೆ ತರಬೇಕು, ಮತ್ತು ಅಲ್ಲಿ ಮಳೆಯ ಎರಚಲು ಬೀಳದಂತೆ ಮಾಡನ್ನು ಎರಡಡಿ ಮುಂದಕ್ಕೆ ಚಾಚಿಸಬೇಕು. ವೈರಿಂಗ್ ಉದ್ದವಾಗುವ ಖರ್ಚು ಒಂದೇ ಸಲದ್ದು. ಅದನ್ನು ಉಳಿಸಲು ಹೋಗಿ ಎಕ್ಸ್‌ಟೆನ್ಷನ್ ಬೋರ್ಡಿನಿಂದ ಚಾರ್ಜ್ ಮಾಡುವವರನ್ನು ಕಂಡರೆ ನನಗೆ ಆತಂಕವಾಗುತ್ತದೆ. 15 ಆಂಪಿಯರ್ ಸಾಕೆಟ್ಟಿನಿಂದ 3 ಕಿಲೋವ್ಯಾಟ್‌ಗೂ ಹೆಚ್ಚು ವಿದ್ಯುತ್ ಗಂಟೆಗಟ್ಟಲೆ ಹರಿಯುವಾಗ ಸಡಿಲವಾದ ಒಂದು ಪಿನ್ ಬಿಸಿಯಾಗಿ ಪ್ಲಾಸ್ಟಿಕ್ ಕರಗಲು ಹೆಚ್ಚು ಹೊತ್ತು ಬೇಕಿಲ್ಲ. ಪ್ರತ್ಯೇಕ ಲೈನು, ಸರಿಯಾದ ಅರ್ಥಿಂಗ್ ಎರಡೂ ಇರಲೇಬೇಕು. ಅರ್ಥಿಂಗ್ ಸರಿಯಿಲ್ಲದಿದ್ದರೆ ಎಷ್ಟೋ ಪೋರ್ಟೆಬಲ್ ಚಾರ್ಜರುಗಳು ಚಾರ್ಜ್ ಮಾಡುವುದೇ ಇಲ್ಲ.

ಮೂತಿಯ ಪೋರ್ಟಿನ ನಿಜವಾದ ಅನುಕೂಲ ಸಾರ್ವಜನಿಕ ಚಾರ್ಜರುಗಳಲ್ಲಿದೆ. ಅಲ್ಲಿಯ ವೇಗದ ಚಾರ್ಜಿಂಗಿನ ಡಿಸಿ ಕೇಬಲ್ ದಪ್ಪ, ಭಾರ, ಬಗ್ಗುವುದು ಕಷ್ಟ, ಉದ್ದವೂ ಮಿತ. ಮೂತಿಯನ್ನು ಚಾರ್ಜರಿನತ್ತ ಇಟ್ಟು ನಿಲ್ಲಿಸಿದರೆ ಗನ್, ಅಂದರೆ ಪೋರ್ಟಿಗೆ ಸಿಕ್ಕಿಸುವ ಕೇಬಲಿನ ತುದಿ, ಯಾವ ಕಡೆಯಿಂದಲಾದರೂ ಸಿಗುತ್ತದೆ. ಪೋರ್ಟ್ ಬದಿಯಲ್ಲಿದ್ದರೆ ಜಾಗ ಆರಿಸುವಾಗ ಸ್ವಲ್ಪ ಯೋಚಿಸಬೇಕು. ಎರಡು ಕಾರುಗಳ ಜಾಗದ ನಡುವೆ, ಹಿಂದಿನ ಅಂಚಿನಲ್ಲಿ ಒಂದು ಚಾರ್ಜರ್ ಇದೆ ಎಂದುಕೊಳ್ಳಿ. ಚಾರ್ಜರಿಗೆ ಎದುರಾಗಿ ನಿಂತು ನೋಡಿದಾಗ ಬಲಗಡೆಯ ಜಾಗಕ್ಕೆ ರಿವರ್ಸ್‌ನಲ್ಲಿ ಹೋದರೆ ಅಯಾನಿಕ್ 5ರ ಪೋರ್ಟ್ ಸರಿಯಾಗಿ ಚಾರ್ಜರಿನ ಪಕ್ಕಕ್ಕೇ ಬರುತ್ತದೆ. ಎಕ್ಸ್‌ಯುವಿ 400 ಅದೇ ಜಾಗಕ್ಕೆ ಮೂತಿ ಮುಂದಾಗಿ ಹೋಗಬೇಕು. ಎಡಗಡೆಯ ಜಾಗಕ್ಕೆ ಹೋದರೆ ಎರಡರಲ್ಲೂ ಕೇಬಲನ್ನು ಬಾನೆಟ್ಟಿನ ಅಥವಾ ಡಿಕ್ಕಿಯ ಸುತ್ತ ಎಳೆಯಬೇಕಾಗುತ್ತದೆ, ಬಣ್ಣವೂ ಗೀಚುತ್ತದೆ. ವಾರಾಂತ್ಯದಲ್ಲಿ ಪ್ರವಾಸಿಗರ ಕಾರುಗಳು ತುಂಬಿರುವಾಗ ಕುಶಾಲನಗರದಂಥ ಕಡೆ ಅಡ್ಡಾದಿಡ್ಡಿ ನಿಲ್ಲಿಸಿದ ಒಂದು ಕಾರು ಎರಡು ಜಾಗ ತಿನ್ನುವುದನ್ನು ನೋಡಿದರೆ ಬೇಸರವಾಗುತ್ತದೆ, ಏಕೆಂದರೆ ಕಾಯುತ್ತಿರುವವರಿಗೆ ಮುಂದೆ ಮಡಿಕೇರಿಯವರೆಗೆ ಏರುದಾರಿಯಿರುತ್ತದೆ.

ಮೂತಿಯ ಪೋರ್ಟಿಗೆ ಎರಡು ತೊಂದರೆಗಳೂ ಇವೆ. ಮುಂಭಾಗಕ್ಕೆ ಸಣ್ಣ ಪೆಟ್ಟು ಬಿದ್ದರೂ ಚಾರ್ಜಿಂಗ್ ನಿಂತುಹೋಗಬಹುದು. ಮಳೆಗಾಲದಲ್ಲಿ ಕೆಸರು ಮೊದಲು ಸಿಡಿಯುವುದೂ ಅಲ್ಲಿಗೇ. ಆದರೆ ಮಳೆಯಲ್ಲಿ ಚಾರ್ಜ್ ಮಾಡಲು ಹೆದರಬೇಕಿಲ್ಲ. ಗನ್ ಪೂರ್ತಿ ಕೂತು, ಕಾರಿಗೂ ಚಾರ್ಜರಿಗೂ ಸಂಕೇತ ಹೊಂದಿಕೆಯಾದ ಮೇಲಷ್ಟೇ ವಿದ್ಯುತ್ ಹರಿಯುತ್ತದೆ. ಆದರೂ ಕೇಬಲ್ ಪೋರ್ಟಿಗಿಂತ ಕೆಳಕ್ಕೆ ಜೋತು ಬಿದ್ದಿರಲಿ, ಆಗ ನೀರು ಕೇಬಲಿನಗುಂಟ ಗನ್ನಿನತ್ತ ಹರಿಯದೆ ಕೆಳಗೇ ತೊಟ್ಟಿಕ್ಕುತ್ತದೆ. ಪೋರ್ಟೆಬಲ್ ಚಾರ್ಜರಿನ ಪೆಟ್ಟಿಗೆಯನ್ನು ನೆಲದ ಮೇಲಿಡದೆ ಗೋಡೆಗೆ ನೇತುಹಾಕಿ.

ಮುಂಗಡ ಕೊಡುವ ಮೊದಲು ಟೆಸ್ಟ್ ಡ್ರೈವ್ ಕಾರನ್ನು ನಿಮ್ಮ ಮನೆಗೇ ತರಿಸಿ, ಶೆಡ್ಡಿನೊಳಗೆ ರಿವರ್ಸ್‌ನಲ್ಲಿ ನಿಲ್ಲಿಸಿ, ಪಕ್ಕದಲ್ಲಿ ಜೀಪು ಇದ್ದಾಗಲೂ ಪೋರ್ಟಿನ ಮುಚ್ಚಳ ಪೂರ್ತಿ ತೆರೆಯುತ್ತದೆಯೇ ನೋಡಿ, ಅಲ್ಲಿಂದ ಗೋಡೆಗೂ ಕಂಬಕ್ಕೂ ಎಷ್ಟು ದೂರವೆಂದು ಟೇಪಿನಿಂದ ಅಳೆದಿಟ್ಟುಕೊಳ್ಳಿ. ಎಲೆಕ್ಟ್ರಿಷಿಯನ್ ಬಂದಾಗ ಮೊದಲು ಕೇಳುವುದು ಆ ಅಳತೆಯನ್ನೇ.