ಒಂದೇ ಸಂಚಿಕೆಯಲ್ಲಿ ಮೂವರು ಆಲಿಸ್

ಸಾಗರದ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಇನ್‌ಲ್ಯಾಂಡ್ ಕಾಗದದಲ್ಲಿ ಬರೆದಿದ್ದಾರೆ: “ಕಳೆದ ಸಂಚಿಕೆಯ ಮಕ್ಕಳ ಪುಟದಲ್ಲಿ ಆಲಿಸ್ ಎಂಬ ಹುಡುಗಿ ಮೊಲದ ಬಿಲಕ್ಕೆ ಬಿದ್ದಳು. ನಾಲ್ಕು ಹಾಳೆ ಮಗುಚಿದರೆ ‘1865ರ ಆಲಿಸಿ 15 ಲಕ್ಷ ಡಾಲರಿಗೆ ಮಾರಾಟ’ ಎಂದಿದೆ. ಆರೋಗ್ಯದ ಅಂಕಣಕ್ಕೆ ಬಂದರೆ ಆಲಿಸ್ ಎನ್ನುವುದೇ ಒಂದು ಕಾಯಿಲೆ. ಇವರು ಮೂವರೋ, ಒಬ್ಬಳೋ? ನೀವು ಆಲಿಸಿ ಎಂದಿರಿ, ಆಲಿಸಿದೆ. ಅರ್ಥ ಮಾತ್ರ ಆಗಲಿಲ್ಲ.” ಕಾಗದದ ಮಡಿಕೆಯ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೂ ನಾಲ್ಕು ಸಾಲು ಇವೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೇಷ್ಟ್ರೇ, ಮೊದಲು ತಪ್ಪೊಪ್ಪಿಗೆ. ಬರಬೇಕಿದ್ದ ಜಾಹೀರಾತು ಕೈಕೊಟ್ಟಿತು, ಪುಟದಲ್ಲಿ ಎರಡಿಂಚು ಖಾಲಿ ಉಳಿಯಿತು. ಅದನ್ನು ತುಂಬಿಸಲು ರಾತ್ರಿ ಹತ್ತು ಗಂಟೆಗೆ ಆ ಹರಾಜಿನ ಹಳೇ ಸುದ್ದಿ ಬರೆದವನು ನಾನೇ. ಅವಸರದಲ್ಲಿ ‘ಪುಸ್ತಕ’ ಎಂಬ ಪದವೇ ಬಿಟ್ಟುಹೋಯಿತು. ಕರಡು ತಿದ್ದುವವರು ‘ಆಲಿಸ್’ ನೋಡಿದರು, ಇದೇನು ಅರ್ಧಕ್ಕೆ ನಿಂತ ಕ್ರಿಯಾಪದ ಎಂದುಕೊಂಡು ‘ಆಲಿಸಿ’ ಮಾಡಿಟ್ಟರು. ಮೂವತ್ತು ವರ್ಷ ಕನ್ನಡ ತಿದ್ದಿದ ಕೈ ಅದು, ಅವರನ್ನು ದೂರುವ ಮುಖ ನನಗಿಲ್ಲ.

ನಿಮ್ಮ ಪ್ರಶ್ನೆಗೆ ಉತ್ತರ: ಮೂಲದಲ್ಲಿ ಒಬ್ಬಳೇ. ಆಲಿಸ್ ಲಿಡೆಲ್ ಎಂಬ ಹತ್ತು ವರ್ಷದ ಹುಡುಗಿ. ಅವಳ ಅಪ್ಪ ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಕಾಲೇಜಿನ ಮುಖ್ಯಸ್ಥರು. ಅದೇ ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತಿದ್ದ ಚಾರ್ಲ್ಸ್ ಡಾಡ್ಜ್‌ಸನ್ 1862ರ ಜುಲೈ 4ರಂದು ಅವಳನ್ನೂ ಅವಳ ಅಕ್ಕ ತಂಗಿಯರನ್ನೂ ದೋಣಿಯಲ್ಲಿ ಕೂರಿಸಿಕೊಂಡು ಗಾಡ್‌ಸ್ಟೋ ಎಂಬ ಹಳ್ಳಿಯ ಕಡೆ ಹೊರಟರು. ದಾರಿಯುದ್ದಕ್ಕೂ ಬಾಯಿಗೆ ಬಂದ ಕಥೆ ಹೇಳಿದರು. ಹುಡುಗಿ ಅದನ್ನು ಬರೆದುಕೊಡಿ ಎಂದು ಹಟ ಹಿಡಿದಳು. ಬರೆಯಲು, ಚಿತ್ರ ಬಿಡಿಸಲು ಎರಡು ವರ್ಷ ಹಿಡಿಯಿತು. 1864ರ ನವೆಂಬರಿನಲ್ಲಿ ಆ ಕೈಬರಹದ ಪುಸ್ತಕ ಅವಳ ಕೈ ಸೇರಿತು. ಮುಂದೆ ‘ಆಲಿಸ್ ಇನ್ ವಂಡರ್‌ಲ್ಯಾಂಡ್’ ಎಂದು ಹೆಸರಾದ ಕಥೆ ಇದೇ. ಆಗ ಅದರ ಹೆಸರಿನಲ್ಲಿ ‘ವಂಡರ್‌ಲ್ಯಾಂಡ್’ ಇರಲಿಲ್ಲ, ‘ನೆಲದಡಿಯಲ್ಲಿ’ ಎಂದಿತ್ತು. ಇದನ್ನು ಕನ್ನಡಕ್ಕೆ ತಂದ ನಾ. ಕಸ್ತೂರಿಯವರು ‘ಪಾತಾಳದಲ್ಲಿ ಪಾಪಚ್ಚಿ’ ಎಂದು ಹೆಸರಿಟ್ಟರಲ್ಲ, ಅದು ಅಚ್ಚಾದ ಇಂಗ್ಲಿಷ್ ಹೆಸರಿಗಿಂತ ಆ ಮೊದಲ ಹೆಸರಿಗೇ ಹತ್ತಿರ. ಆಲಿಸ್ ಪಾಪಚ್ಚಿಯಾದದ್ದಂತೂ ನನಗೆ ಬಹಳ ಇಷ್ಟ. ನಾವೂ ಅವಳನ್ನು ಪಾಪಚ್ಚಿ ಎಂದೇ ಕರೆದಿದ್ದರೆ ಕರಡು ತಿದ್ದುವವರಿಗೆ ತೊಡಕಾಗುತ್ತಿರಲಿಲ್ಲ.

ಇನ್ನು 15 ಲಕ್ಷ ಡಾಲರಿನ ಆಲಿಸ್. ಡಾಡ್ಜ್‌ಸನ್ ಅವರು ಲೂಯಿಸ್ ಕ್ಯಾರಲ್ ಎಂಬ ಹೆಸರಿನಲ್ಲಿ, ಕೈಯಿಂದ ದುಡ್ಡು ಹಾಕಿ, 1865ರಲ್ಲಿ 2000 ಪ್ರತಿ ಅಚ್ಚು ಹಾಕಿಸಿದರು. ಚಿತ್ರ ಬರೆದವರು ಜಾನ್ ಟೆನಿಯಲ್. ತಮ್ಮ ಚಿತ್ರಗಳು ಅಚ್ಚಿನಲ್ಲಿ ಮೂಡಿದ ರೀತಿ ಟೆನಿಯಲ್ ಅವರಿಗೆ ಹಿಡಿಸಲಿಲ್ಲ. ಡಾಡ್ಜ್‌ಸನ್ ಇಡೀ ಮುದ್ರಣವನ್ನೇ ತಡೆದು, ಬೇರೆ ಪ್ರೆಸ್ಸಿನಲ್ಲಿ ಮತ್ತೆ ಅಚ್ಚು ಹಾಕಿಸಿದರು. ಪರಿಚಯದವರಿಗೆ ಆಗಲೇ ಕಳಿಸಿದ್ದ ಪ್ರತಿಗಳನ್ನೂ ವಾಪಸು ಕೇಳಿದರು. ಬೈಂಡ್ ಆಗದ ಹಾಳೆಗಳು ಹಡಗು ಹತ್ತಿ ನ್ಯೂಯಾರ್ಕಿಗೆ ಹೋದವು. ಅಲ್ಲಿನ ಪ್ರಕಾಶಕರು ಬೇರೆ ಶೀರ್ಷಿಕೆ ಪುಟ ಅಂಟಿಸಿ 1866ರಲ್ಲಿ ಮಾರಿದರು. ಇಂಗ್ಲೆಂಡಿಗೆ ಸಾಲದ ಮಾಲು ಅಮೆರಿಕಕ್ಕೆ ಸಾಕಾಯಿತು.

ವಾಪಸು ಬಂದ ಪ್ರತಿಗಳನ್ನು ಏನು ಮಾಡಿದರು ಗೊತ್ತೇ? ಮಲಗಿದ ಮಕ್ಕಳು ಓದಿಕೊಳ್ಳಲಿ ಎಂದು ಆಸ್ಪತ್ರೆಗಳಿಗೆ ಕೊಟ್ಟುಬಿಟ್ಟರು. ಅಂದರೆ ಸಂಗ್ರಾಹಕರು ಇಂದು ಗಾಜಿನ ಪೆಟ್ಟಿಗೆಯಲ್ಲಿಟ್ಟು ಕೈಗವಸು ಹಾಕಿ ಮುಟ್ಟುವ ಪುಸ್ತಕವನ್ನು ಆವತ್ತು ಗಂಜಿ ಮೆತ್ತಿದ ಬೆರಳುಗಳು ಮಗುಚಿರಬೇಕು. 1865ರ ಶೀರ್ಷಿಕೆ ಪುಟವೇ ಇರುವ ಮೊದಲ ಮುದ್ರಣದ ಪ್ರತಿಗಳಲ್ಲಿ ಉಳಿದಿರುವುದು ಸುಮಾರು 22. ಅವುಗಳಲ್ಲೊಂದು, ಲೇಖಕರು ಸ್ವತಃ ನೇರಳೆ ಶಾಯಿಯಲ್ಲಿ ಗುರುತು ಹಾಕಿದ್ದ ಪ್ರತಿ, 1998ರಲ್ಲಿ ನ್ಯೂಯಾರ್ಕಿನಲ್ಲಿ 15 ಲಕ್ಷ ಡಾಲರಿಗೂ ಮೇಲೆ ಹೋಯಿತು. ಅಚ್ಚು ಕೆಟ್ಟಿತೆಂದು ತಳ್ಳಿದ ಪುಸ್ತಕಕ್ಕೆ ಇಷ್ಟು ಬೆಲೆಯೇ ಎನ್ನಬೇಡಿ. ಅಂಚೆಚೀಟಿ ಕೂಡಿಡುವವರನ್ನು ಕೇಳಿ ನೋಡಿ. ನಮ್ಮ ದೇಶದ್ದೇ 1854ರ ನಾಲ್ಕಾಣೆ ಚೀಟಿಯಲ್ಲಿ ರಾಣಿಯ ತಲೆ ಕೆಳಗಾಗಿ ಅಚ್ಚಾದದ್ದು ಸಿಕ್ಕರೆ ಅವರು ಮನೆ ಮಾರಲೂ ಹಿಂಜರಿಯುವವರಲ್ಲ.

ಕೈಬರಹದ ಪುಸ್ತಕದ ಕಥೆ ಇದಕ್ಕಿಂತ ಮನಸ್ಸು ಕಲಕುತ್ತದೆ. ಆಲಿಸ್ ಲಿಡೆಲ್ ಮದುವೆಯಾಗಿ ಆಲಿಸ್ ಹಾರ್‌ಗ್ರೀವ್ಸ್ ಆದರು. ಮೂವರು ಗಂಡುಮಕ್ಕಳಲ್ಲಿ ಇಬ್ಬರು ಮೊದಲ ಮಹಾಯುದ್ಧಕ್ಕೆ ಬಲಿಯಾದರು. 1926ರಲ್ಲಿ ಗಂಡನೂ ತೀರಿಕೊಂಡ ಮೇಲೆ ದೊಡ್ಡ ಮನೆ ನಡೆಸುವುದು ಕಷ್ಟವಾಗಿ, 1928ರಲ್ಲಿ ಆ ಪುಸ್ತಕವನ್ನು ಲಂಡನ್ನಿನಲ್ಲಿ ಹರಾಜಿಗಿಟ್ಟರು. 15,400 ಪೌಂಡಿಗೆ ಒಬ್ಬ ಅಮೆರಿಕನ್ ವ್ಯಾಪಾರಿ ಕೊಂಡರು. ಅದು ಮುಂದೆ ಗ್ರಾಮಫೋನ್ ಕಂಪನಿ ಕಟ್ಟಿದ ಎಲ್‌ಡ್ರಿಜ್ ಜಾನ್ಸನ್ ಅವರ ಕೈಗೆ ಹೋಯಿತು. ಅವರ ನಂತರ ಮತ್ತೆ ಹರಾಜಿಗೆ ಬಂದಾಗ ಕೆಲವು ಅಮೆರಿಕನ್ನರು ಹಣ ಕೂಡಿಸಿ ಬಿಡಿಸಿಕೊಂಡರು, 1948ರಲ್ಲಿ ಬ್ರಿಟನ್ನಿಗೆ ಉಡುಗೊರೆಯಾಗಿ ತಂದೊಪ್ಪಿಸಿದರು. ಆಲಿಸ್ ಅದನ್ನು ನೋಡಲಿಲ್ಲ, 1934ರಲ್ಲೇ ತೀರಿಕೊಂಡಿದ್ದರು. ಅದಕ್ಕೆ ಎರಡು ವರ್ಷ ಮೊದಲು, ಎಂಬತ್ತರ ವಯಸ್ಸಿನಲ್ಲಿ, ಆ ಕಥೆಯ ಆಲಿಸ್ ಆಗಿರುವುದೇ ಸಾಕುಸಾಕಾಗಿದೆ ಎಂದು ಮಗನಿಗೆ ಕಾಗದ ಬರೆದಿದ್ದರು. ಹೆಸರು ಒಬ್ಬರದು, ಅದನ್ನು ಬಳಸುವವರು ಊರವರೆಲ್ಲ!

ಅಂದಹಾಗೆ, ನಕಾಶೆಯಲ್ಲಿ ಆಸ್ಟ್ರೇಲಿಯದ ನಡುಮಧ್ಯೆ ಕಾಣುವ ಆಲಿಸ್ ಸ್ಪ್ರಿಂಗ್ಸ್‌ಗೆ ಇವಳ ಸಂಬಂಧವಿಲ್ಲ. ಆ ಹೆಸರು ಬಂದದ್ದು ಅಡಿಲೇಡಿನಲ್ಲಿದ್ದ ತಂತಿ ಇಲಾಖೆಯ ಅಧಿಕಾರಿ ಚಾರ್ಲ್ಸ್ ಟಾಡ್ ಅವರ ಹೆಂಡತಿಯಿಂದ. ತಮಾಷೆಯೆಂದರೆ ಆಲಿಸ್, ಅಡಿಲೇಡ್ ಎರಡೂ ಒಂದೇ ಹಳೆಯ ಜರ್ಮನ್ ಹೆಸರಿನ ಮರಿಗಳು. ನಮ್ಮಲ್ಲಿ ವೆಂಕಟರಮಣ ಎಂಕನೂ ಆದ ಹಾಗೆ.

ಕಾಯಿಲೆಗೆ ಹೆಸರಿಟ್ಟವರೂ ಒಬ್ಬ ಟಾಡ್, ಆದರೆ ಅವರು ಬೇರೆ. ಜಾನ್ ಟಾಡ್, ಇಂಗ್ಲೆಂಡಿನ ಮನೋವೈದ್ಯರು. ಅರೆತಲೆನೋವು, ಮೂರ್ಛೆರೋಗ ಇದ್ದ ಕೆಲವರು ಹೇಳುತ್ತಿದ್ದ ವಿಚಿತ್ರ ಅನುಭವಗಳ ಬಗ್ಗೆ 1955ರಲ್ಲಿ ಕೆನಡಾದ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ತಲೆ ಊದಿ ಚಾವಣಿ ಮುಟ್ಟಿದ ಹಾಗೆ, ಕಾಲು ಎಲ್ಲೋ ದೂರ ಹೋದ ಹಾಗೆ, ಎದುರಿಗಿದ್ದವರು ಗೊಂಬೆಯಷ್ಟಾದ ಹಾಗೆ, ಹೊತ್ತು ಓಡಿದ ಹಾಗೆ ಇಲ್ಲವೇ ನಿಂತ ಹಾಗೆ. ಕಥೆಯ ಹುಡುಗಿ ಶೀಶೆಯದು ಕುಡಿದು ಹತ್ತು ಅಂಗುಲಕ್ಕಿಳಿಯುತ್ತಾಳೆ, ಕೇಕು ತಿಂದು ಒಂಬತ್ತು ಅಡಿ ದಾಟುತ್ತಾಳೆ, ದೂರವಾದ ತನ್ನ ಕಾಲುಗಳಿಗೆ ಟಾಟಾ ಹೇಳುತ್ತಾಳೆ. ಟಾಡ್ ಅವರಿಗೆ ಬೇರೆ ಹೆಸರು ಹುಡುಕಬೇಕಾಗಲಿಲ್ಲ, ‘ಆಲಿಸ್ ಇನ್ ವಂಡರ್‌ಲ್ಯಾಂಡ್ ಸಿಂಡ್ರೋಮ್’ ಎಂದರು. ಡಾಡ್ಜ್‌ಸನ್ ಅವರಿಗೇ ಈ ಕಾಯಿಲೆ ಇತ್ತು, ಅದನ್ನೇ ಕಥೆ ಮಾಡಿದರು ಎಂದು ಕೆಲವರು ಬರೆಯುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ಅವರ ದಿನಚರಿಯಲ್ಲಿ ಕಣ್ಣೆದುರು ಕೋಟೆಗೋಡೆಯಂಥ ಅಂಕುಡೊಂಕು ಗೆರೆ ಕುಣಿದು ತಲೆನೋವು ಬಂದ ವಿಷಯ ಸಿಗುವುದು 1880ರ ದಶಕದಲ್ಲಿ. ಕಥೆ ಅಚ್ಚಾಗಿ ಅಷ್ಟರಲ್ಲಿ ಸುಮಾರು ಇಪ್ಪತ್ತು ವರ್ಷ.

ಈಗ ನಿಮ್ಮ ಕಾಗದದ ಅಂಚಿಗೆ ಬರೋಣ. “ಮೂರನೇ ಕ್ಲಾಸಿನ ಮೊಮ್ಮಗಳು ಎರಡು ವಾರದಿಂದ, ದೀಪ ಆರಿಸಿದ ಮೇಲೆ, ‘ಅಜ್ಜಾ, ಬಾಗ್ಲು ದೂರ ಹೋಗ್ತಾ ಇದೆ, ನನ್ನ ಬೆರಳು ಬಾಳೆಕಾಯಿ ಆಗಿದೆ’ ಅನ್ನುತ್ತಾಳೆ. ಅದಕ್ಕೆ ಮೊದಲು ಜ್ವರ ಬಂದು ಹೋಗಿತ್ತು. ಕಣ್ಣಿನ ಡಾಕ್ಟರು ಕಣ್ಣು ಸರಿಯಿದೆ ಎಂದರು. ಮನೆಯಲ್ಲಿ ದೃಷ್ಟಿ ತೆಗೆದದ್ದೂ ಆಯಿತು.”

ನೀವು ಕೇಳಬೇಕೆಂದಿದ್ದದ್ದು ಇದನ್ನೇ ಇರಬೇಕು. ನಾನು ಡಾಕ್ಟರಲ್ಲ, ಹುಡುಗಿಗೆ ಇದೇ ಕಾಯಿಲೆ ಎಂದು ಹೇಳುವ ಅಧಿಕಾರ ನನಗಿಲ್ಲ. ಆದರೆ ಕಣ್ಣಾಲಿ ಸರಿಯಿದ್ದೂ ಹೀಗಾಗಬಹುದು. ಘಾಟಿಯಲ್ಲಿ ನಿಂತವರ ಕಣ್ಣಿಗೆ ದೂರದ ತಿರುವಿನ ಬಸ್ಸು ಬೆಂಕಿಪೊಟ್ಟಣದಷ್ಟು, ಹತ್ತಿರ ಬಂದಾಗ ಮನೆಯಷ್ಟು. ಆದರೂ ಬಸ್ಸು ಊದಿಕೊಂಡಿತು ಎಂದು ಯಾರೂ ಹೆದರುವುದಿಲ್ಲ. ದೂರವೆಷ್ಟು, ಗಾತ್ರವೆಷ್ಟು ಎಂದು ಮಿದುಳು ನಮಗೆ ಗೊತ್ತಾಗದ ಹಾಗೆ ಲೆಕ್ಕ ಹಾಕುತ್ತಿರುತ್ತದೆ. ನಮ್ಮ ಕೈಕಾಲಿನ ಅಳತೆಯ ಲೆಕ್ಕವೂ ಅದರದೇ. ಆ ಲೆಕ್ಕ ಸ್ವಲ್ಪ ಹೊತ್ತು ತಪ್ಪಿದರೆ ಬಾಗಿಲು ದೂರ ಹೋಗುತ್ತದೆ, ಬೆರಳು ಬಾಳೆಕಾಯಿ ಆಗುತ್ತದೆ. ದೊಡ್ಡವರಲ್ಲಿ ಇದಕ್ಕೆ ಹೆಚ್ಚಾಗಿ ಅರೆತಲೆನೋವು ಕಾರಣ. ಮಕ್ಕಳಲ್ಲಿ ವೈರಸ್ ಜ್ವರಗಳ ಹಿಂದೆಮುಂದೆ ಕಾಣಿಸುವುದುಂಟು, ಅದರಲ್ಲೂ ಕುತ್ತಿಗೆಯ ಗಂಟು ಊದಿಸುವ ಎಪ್‌ಸ್ಟೀನ್-ಬಾರ್ ವೈರಸ್ಸಿನದು. ಬಹಳ ಮಕ್ಕಳಲ್ಲಿ ತಾನಾಗಿಯೇ ನಿಂತುಹೋಗುತ್ತದೆ.

ಹಾಗೆಂದು ಕಾಯುತ್ತ ಕೂರಬೇಡಿ. ಮಕ್ಕಳ ಡಾಕ್ಟರಿಗೆ ಒಮ್ಮೆ ತೋರಿಸಿ, ಬೇಕೆಂದರೆ ಅವರೇ ನರರೋಗ ತಜ್ಞರ ಹತ್ತಿರ ಕಳಿಸುತ್ತಾರೆ. ಹೋಗುವ ಮುಂಚೆ ನಾಲ್ಕು ದಿನ ಒಂದು ಹಾಳೆಯಲ್ಲಿ ಬರೆದಿಡಿ: ಎಷ್ಟು ಗಂಟೆಗೆ, ಎಷ್ಟು ನಿಮಿಷ, ಆಮೇಲೆ ತಲೆನೋವು ಬಂತೇ, ಜ್ವರಕ್ಕೆ ಕೆಮ್ಮಿಗೆ ಏನೇನು ಔಷಧಿ ಕೊಟ್ಟಿದ್ದಿರಿ, ಮನೆಯಲ್ಲಿ ಯಾರಿಗೆ ಅರೆತಲೆನೋವು ಇದೆ. ಪ್ರಜ್ಞೆ ತಪ್ಪಿದರೆ, ಕೈಕಾಲು ಸೆಟೆದರೆ, ಜ್ವರದ ಜೊತೆ ಕತ್ತು ಬಿಗಿದರೆ, ತಲೆನೋವಿನ ಜೊತೆ ವಾಂತಿ ಬಿಡದಿದ್ದರೆ ಹಾಳೆ ಗೀಳೆ ಬೇಡ, ಆಗಲೇ ಆಸ್ಪತ್ರೆಗೆ ಹೊರಡಿ.

ಹುಡುಗಿಯನ್ನು ಒಂದು ಮಾತು ಕೇಳಿ: ಬಾಗಿಲು ನಿಜವಾಗಿ ಹೋಯಿತೋ, ಹೋದ ಹಾಗೆ ಕಂಡಿತೋ? ಈ ತೊಂದರೆ ಇರುವವರಿಗೆ ಸಾಮಾನ್ಯವಾಗಿ, ಕಾಣುತ್ತಿರುವುದು ನಿಜವಲ್ಲ ಎಂದು ಒಳಗೇ ಗೊತ್ತಿರುತ್ತದೆ. ಹೇಳಿದರೆ ಹುಚ್ಚು ಅಂದಾರು ಎಂದು ಮಕ್ಕಳು ಬಾಯಿ ಮುಚ್ಚಿಕೊಳ್ಳುತ್ತಾರೆ. ನಿಮ್ಮ ಮೊಮ್ಮಗಳು ಅಜ್ಜನಿಗೆ ಹೇಳಿದ್ದಾಳೆ.

ತಿದ್ದುಪಡಿ ಇದೇ ಸಂಚಿಕೆಯ 3ನೇ ಪುಟದಲ್ಲಿದೆ. ಡಾಕ್ಟರು ಏನೆಂದರು ಎಂದು ಬರೆಯಿರಿ. ಈ ಸಲ ಮಡಿಕೆಯ ಅಂಚಿನಲ್ಲಿ ಬೇಡ, ಮೊದಲ ಸಾಲಿನಲ್ಲೇ ಬರೆಯಿರಿ.

— ಸಂಪಾದಕ