ದುಬಾರಿ ಹೆಡ್‌ಫೋನ್ ಕೊಳ್ಳುವ ಮುನ್ನ ಧ್ವನಿ, ಆರಾಮ, ಬೆಲೆಯನ್ನು ತೂಗಿ ನೋಡುವುದು ಹೇಗೆ?

ಮೊದಲು ಹೋಲಿಸುವ ಎರಡರ ವಾಲ್ಯೂಮ್ ಸಮ ಮಾಡಿಕೊಳ್ಳಿ. ಒಂದೇ ಒಂದು ಡೆಸಿಬೆಲ್ ಜೋರಾಗಿದ್ದರೂ ಕಿವಿಗೆ ಅದೇ ಚೆನ್ನಾಗಿ ಕೇಳಿಸುತ್ತದೆ. ಹೆಚ್ಚಿನ ಹೋಲಿಕೆಗಳು ದಾರಿ ತಪ್ಪುವುದು ಇಲ್ಲೇ. ಬಾಯಿಪಾಠವಾಗಿರುವ ಮೂರ್ನಾಲ್ಕು ಹಾಡು ಸಾಕು. ಹಾಡುಗಾರರ ‘ಸ’, ‘ಶ’ ಚುಚ್ಚಿದರೆ ಸಾಮಾನ್ಯವಾಗಿ 6–8 ಕಿಲೋಹರ್ಟ್ಜ್ ಸುತ್ತ ಉಬ್ಬು ಇದೆ, ಅಂದರೆ ಆ ಏರುದನಿಗಳು ಬೇಕಾದ್ದಕ್ಕಿಂತ ಜೋರಾಗಿವೆ ಎಂದರ್ಥ. ಐದು ನಿಮಿಷಕ್ಕೆ ‘ಎಷ್ಟು ಸ್ಪಷ್ಟ!’ ಅನ್ನಿಸುವುದೂ ಇದೇ, ಗಂಟೆ ಕಳೆದ ಮೇಲೆ ಕಿವಿ ದಣಿಸುವುದೂ ಇದೇ. ಬಾಸ್ ತೆಳುವೆನಿಸಿದರೆ ಹೆಡ್‌ಫೋನನ್ನು ಬೈಯುವ ಮೊದಲು ಕನ್ನಡಕ ತೆಗೆದು ಕೇಳಿ. ಕನ್ನಡಕದ ಕಡ್ಡಿ ಮೆತ್ತೆಯಡಿ ಸಂದು ಮಾಡುತ್ತದೆ. ಕಿವಿಬಟ್ಟಲಿನ ಹೊರಬದಿ ಮುಚ್ಚಿದ ಮಾದರಿಗಳಲ್ಲಿ ಬಾಸ್ ಅಲ್ಲೇ ಸೋರಿಹೋಗುತ್ತದೆ.

ಆರಾಮ ತಿಳಿಯಲು ಒಂದು ಗಂಟೆ ಬಿಡದೆ ಧರಿಸಿ. 250 ಗ್ರಾಂ ತಲೆಯ ಮೇಲಿರುವುದೇ ಮರೆಯುತ್ತದೆ. 600 ಗ್ರಾಂನ ಪ್ಲೇನಾರ್ (ಅಯಸ್ಕಾಂತಗಳ ನಡುವಿನ ತೆಳು ಪೊರೆಯಿಂದ ಧ್ವನಿ ಹೊರಡಿಸುವ ಬಗೆ) ಕುತ್ತಿಗೆಗೆ ಗೊತ್ತಾಗುತ್ತದೆ. ಕಿವಿಯ ಅಂಚು ಒಳಗೆ ಧ್ವನಿ ಹೊರಡಿಸುವ ಭಾಗವಾದ ಡ್ರೈವರ್‌ನ ಜಾಲರಿಗೆ ತಾಗಬಾರದು.

ಬೆಲೆಗೆ ಆಂಪ್ಲಿಫೈಯರ್ ಖರ್ಚನ್ನೂ ಸೇರಿಸಿ. 300 ಓಮ್ ವಿದ್ಯುತ್ ತಡೆಯಿರುವ (ಇಂಪೀಡೆನ್ಸ್) ಸೆನ್‌ಹೈಸರ್ ಎಚ್‌ಡಿ 600 ಹೆಡ್‌ಫೋನಿಗೆ ಹೆಚ್ಚು ವೋಲ್ಟೇಜ್ ಬೇಕು, ಹಲವು ಫೋನುಗಳಲ್ಲಿ ವಾಲ್ಯೂಮ್ ಸಾಲದು. ಮೆತ್ತೆ, ಕೇಬಲ್ ಬಿಡಿಯಾಗಿ ಸಿಗುತ್ತವೆಯೇ ವಿಚಾರಿಸಿ; ಮೆತ್ತೆ ಸವೆದು ಚಪ್ಪಟೆಯಾದರೆ ಧ್ವನಿಯೇ ಬದಲಾಗುತ್ತದೆ.