ಆಟೋಮ್ಯಾಟಿಕ್ ಪಿಕಪ್‌ನ ಗೇರ್ ಬಾಕ್ಸ್ ಆಯಿಲ್ ಮನೇಲೇ ಬದಲಿಸಬಹುದಾ?

ಪ್ರಶ್ನೆ: ಸರ್, ನಮ್ದು ಸೋಮವಾರಪೇಟೆ ಹತ್ರ ಕಾಫಿ ತೋಟ. ಎರಡು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ಆಟೋಮ್ಯಾಟಿಕ್ ಪಿಕಪ್ ಟ್ರಕ್ ತಗೊಂಡೆ, ಈಗ 92 ಸಾವಿರ ಕಿಲೋಮೀಟರ್ ಆಗಿದೆ. ಗೇರ್ ಬಾಕ್ಸ್ ಆಯಿಲ್ ಒಂದ್ಸಲಾನೂ ಬದಲಿಸಿದ ಹಾಗಿಲ್ಲ, ಕೇಳಿದ್ರೆ ಅದು ಲೈಫ್‌ಟೈಮ್ ಆಯಿಲ್ ಮುಟ್ಲೇಬೇಡಿ ಅಂತಾರೆ. ಈಗ ಬೆಳಗ್ಗೆ ಡಿ ಗೆ, ಅಂದ್ರೆ ಮುಂದೆ ಓಡಿಸೋ ಗೇರಿಗೆ, ಹಾಕಿದ್ರೆ ಸ್ವಲ್ಪ ತಡೆದು ಎಳೆಯುತ್ತೆ. ಇಂಜಿನ್ ಆಯಿಲ್ ನಾನೇ ಬದಲಿಸ್ತೀನಿ, ಇದನ್ನೂ ಮಾಡ್ಬಹುದಾ?

ಉತ್ತರ: ಮಾಡ್ಬಹುದು. ಆದ್ರೆ ಇಂಜಿನ್ ಆಯಿಲ್ ಥರ ಇಳಿಸಿ ಸುರಿಯೋ ಕೆಲ್ಸ ಅಲ್ಲ ಇದು, ಇಲ್ಲಿ ಎಲ್ಲಾ ಇರೋದು ಅಳತೆಯಲ್ಲಿ.

ಲೈಫ್‌ಟೈಮ್ ಮಾತು ಮೊದ್ಲು ಬಿಡಿ. ಆಟೋಮ್ಯಾಟಿಕ್‌ನಲ್ಲಿ ಆಯಿಲ್ ಬರೀ ಜಾರಿಕೆಗೆ ಅಲ್ಲ, ಅದರ ಒತ್ತಡದಿಂದಲೇ ಕ್ಲಚ್ ಪ್ಲೇಟುಗಳು ಹಿಡಿಯೋದು, ಬಿಸಿ ಹೊತ್ಕೊಂಡು ಹೋಗೋದೂ ಅದೇ. ಕುಯ್ಲು ಟೈಮಲ್ಲಿ 50 ಕೆಜಿ ಚೀಲ ಇಪ್ಪತ್ತು ಹೇರ್ಕೊಂಡು ಗುಡ್ಡೆ ಹತ್ತೋ ಗಾಡಿಗೆ, ಸಂಪಾಜೆ ಘಾಟಿ ಏರಿ ಇಳಿಯೋ ಗಾಡಿಗೆ ಆ ಬಿಸಿ ಬೇರೇನೇ, ಬಿಸಿ ಹೆಚ್ಚಿದಷ್ಟೂ ಆಯಿಲ್ ಬೇಗ ಸಾಯುತ್ತೆ.

ಗಾಡಿ ಸಮತಟ್ಟಾಗಿ ನಿಲ್ಬೇಕು. ನಮ್ಮಲ್ಲಿ ಅಂಥ ಜಾಗ ಅಂದ್ರೆ ಕಾಫಿ ಒಣಗಿಸೋ ಕಣನೇ, ಆದ್ರೆ ದಪ್ಪ ಟಾರ್ಪಾಲ್ ಹಾಸದೆ ಅಲ್ಲಿ ಕೆಲ್ಸ ಶುರು ಮಾಡ್ಬೇಡಿ, ಸಿಮೆಂಟಿಗೆ ಇಳಿದ ಎಣ್ಣೆ ವಾಸನೆ ಮುಂದಿನ ಕುಯ್ಲಿನ ಕಾಫಿಗೆ ಹತ್ತಿದ್ರೆ ವರ್ಷದ ದುಡಿಮೆ ಹಾಳು. ಗಾಡಿ ಎತ್ತೋದಾದ್ರೆ ನಾಲ್ಕೂ ಕಡೆ ಸಮವಾಗಿ ಎತ್ತಿ ಗಟ್ಟಿ ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕಿ ನಂಬ್ಕೊಂಡು ಅಡಿಗೆ ನುಗ್ಲೇಬಾರ್ದು.

ಆಮೇಲೆ ಆಯಿಲ್ ತುಂಬೋ ಬೋಲ್ಟ್ ಮೊದ್ಲು ಬಿಚ್ಚಿ ನೋಡಿ, ಅದು ಬಂದ್ಮೇಲೆನೇ ಇಳಿಸೋ ಬೋಲ್ಟಿಗೆ ಕೈ ಹಾಕಿ. ನಾನೊಂದ್ಸಲ ಇದನ್ನ ಉಲ್ಟಾ ಮಾಡಿದ್ದೆ. ಆಯಿಲ್ ಪೂರ್ತಿ ಇಳಿದಿತ್ತು, ತುಂಬೋ ಬೋಲ್ಟ್ ಜಪ್ಪಯ್ಯ ಅಂದ್ರೂ ಬರ್ಲಿಲ್ಲ, ಕಕ್ಕಡ ತಿಂಗಳ ಜೋರು ಮಳೆಯಲ್ಲಿ ಗಾಡಿ ಮೂರು ದಿನ ಶೆಡ್‌ನಲ್ಲೇ ಕೂತಿತ್ತು, ಮನೇಲಿ ಹುಷಾರಿಲ್ಲದವರು ಇದ್ರು ಆಗ, ಆ ಭಯ ಇವತ್ತಿಗೂ ಮರ್ತಿಲ್ಲ.

ಇಳಿದಿದ್ದನ್ನ ಅಳತೆ ಡಬ್ಬಿಯಲ್ಲಿ ಅಳೆದು ಬರೆದಿಡಿ, ಅಷ್ಟೇ ಹೊಸದು ಹಾಕ್ಬೇಕು. ಬಣ್ಣ ಕಂದು ಆಗಿದ್ರೆ ವಯಸ್ಸಾಗಿದೆ ಅಂತ, ಕಪ್ಪಾಗಿ ಸುಟ್ಟ ವಾಸನೆ ಬಂದ್ರೆ ಕ್ಲಚ್ ಪ್ಲೇಟುಗಳೇ ಸವೆದಿರ್ಬಹುದು. ಅದ್ರಲ್ಲಿ ಲೋಹದ ಚೂರು ಕಂಡ್ರೆ ಅಲ್ಲಿಗೇ ನಿಲ್ಸಿ ಗೊತ್ತಿರೋರ ಹತ್ರ ತಗೊಂಡು ಹೋಗಿ, ಹೊಸ ಆಯಿಲ್ ಅದನ್ನ ಸರಿ ಮಾಡಲ್ಲ. ನೀವು ಹೇಳಿದ ಡಿ ತಡ ಕೂಡ ಆಯಿಲ್ ಕಮ್ಮಿಯಾಗಿ ಇರ್ಬಹುದು, ಒಳಗಿನ ಸೀಲ್ ಗಟ್ಟಿಯಾಗಿಯೂ ಇರ್ಬಹುದು.

ಒಂದ್ಸಲಕ್ಕೆ ಸಾಮಾನ್ಯವಾಗಿ ಅರ್ಧದಷ್ಟೂ ಇಳಿಯಲ್ಲ, ಉಳಿದಿದ್ದು ಇಂಜಿನ್ ಶಕ್ತಿನ ಗೇರ್ ಬಾಕ್ಸಿಗೆ ದಾಟಿಸೋ ಟಾರ್ಕ್ ಕನ್ವರ್ಟರ್ ಒಳಗೆ ನಿಂತಿರುತ್ತೆ. ಸಲಕ್ಕೆ ಶೇಕಡಾ 40 ಬದಲಾಯ್ತು ಅಂದ್ಕೊಳ್ಳಿ, ಮಧ್ಯೆ ಒಂದಿಷ್ಟು ದಿನ ಓಡಿಸ್ಕೊಂಡು ಮೂರು ಸಲ ಮಾಡಿದ್ರೆ ಸುಮಾರು ಶೇಕಡಾ 78 ಹೊಸದಾಗುತ್ತೆ. ಇಷ್ಟು ಓಡಿದ ಗಾಡಿಗೆ ಮೆಷಿನ್ ಹಾಕಿ ಒತ್ತಡದಲ್ಲಿ ಫ್ಲಶ್ ಮಾಡೋದಕ್ಕಿಂತ ಈ ದಾರಿನೇ ನಂಗಿಷ್ಟ. ಆಯಿಲ್ ಮಾತ್ರ ಮ್ಯಾನ್ಯುವಲ್‌ನಲ್ಲಿ ಯಾವ ನಮೂನೆ ಬರೆದಿದ್ಯೋ ಅದೇ, ಟೊಯೋಟಾ ಹೈಲಕ್ಸ್‌ಗೆ ಡಬ್ಲ್ಯೂಎಸ್ ಅಂತಿದ್ರೆ ಡಬ್ಲ್ಯೂಎಸ್, ಕೆಂಪಗಿದೆ ಅಂತ ಸ್ಟಿಯರಿಂಗ್ ಆಯಿಲ್ ಸುರಿಯೋರನ್ನ ಹತ್ರ ಸೇರಿಸ್ಬೇಡಿ.

ಈಗ ಅಳತೆ. ಈಗಿನ ತುಂಬಾ ಗಾಡಿಗಳಲ್ಲಿ ಆಯಿಲ್ ಅಳೆಯೋ ಕಡ್ಡಿ, ಅಂದ್ರೆ ಡಿಪ್‌ಸ್ಟಿಕ್ ಇರಲ್ಲ, ಅಡಿಯಲ್ಲಿ ಮಟ್ಟ ನೋಡೋ ಚೆಕ್ ಬೋಲ್ಟ್ ಇರುತ್ತೆ. ಹೊಸದು ತುಂಬಿದ್ಮೇಲೆ ಬ್ರೇಕ್ ಒತ್ತಿ ಹಿಡಿದು ಇಂಜಿನ್ ಸ್ಟಾರ್ಟ್ ಮಾಡಿ, ಲಿವರ್ ಪಿ (ಪಾರ್ಕಿಂಗ್) ಇಂದ ಒಂದೊಂದೇ ಗೇರಿಗೆ ಹಾಕಿ ನಾಲ್ಕೈದು ಸೆಕೆಂಡ್ ಬಿಟ್ಟು ವಾಪಸ್ ಪಿ ಗೆ ತನ್ನಿ. ಇಂಜಿನ್ ಓಡ್ತಾನೇ ಇರ್ಲಿ. ಆಯಿಲ್ ಬಿಸಿ ಮ್ಯಾನ್ಯುವಲ್ ಹೇಳಿದಷ್ಟಕ್ಕೆ ಬಂದಾಗ, ಅದು ಸುಮಾರು ಗಾಡಿಗಳಿಗೆ 40 ಡಿಗ್ರಿ ಆಸುಪಾಸು, ಚೆಕ್ ಬೋಲ್ಟ್ ಬಿಚ್ಚಿ. ಸಣ್ಣ ಎಳೆಯಾಗಿ ಸುರಿದು ತೊಟ್ಟಿಕ್ಕೋಕೆ ಬಂದ್ರೆ ಸರಿ, ಏನೂ ಬರ್ದಿದ್ರೆ ಇನ್ನಷ್ಟು ಹಾಕ್ಬೇಕು. ಬಿಸಿ ನೋಡೋಕೆ ಗೇರ್ ಬಾಕ್ಸ್ ಟೆಂಪರೇಚರ್ ತೋರಿಸೋ ಸ್ಕ್ಯಾನರ್ ಸಾಕು. ನಮ್ಮ ಜನವರಿ ಬೆಳಗ್ಗೆಯ ಚಳಿಯಲ್ಲಿ ನೋಡಿದ್ರೆ ಆಯಿಲ್ ಕುಗ್ಗಿ ಕಮ್ಮಿ ಕಾಣುತ್ತೆ, ನೀವು ಇನ್ನೂ ಸುರೀತೀರಿ, ಘಾಟಿಯಲ್ಲಿ ಬಿಸಿಯಾದಾಗ ಅದು ಉಬ್ಬಿ ನೊರೆಯಾಗುತ್ತೆ. ನೊರೆಗೆ ಒತ್ತಡ ನಿಲ್ಲಲ್ಲ, ಕ್ಲಚ್ ಜಾರುತ್ತೆ.

ಹಳೇ ಆಯಿಲ್ ತೋಟದ ಚರಂಡಿಗೆ ಬಿಡ್ಬೇಡಿ, ನಮ್ಮ ತೋಡುಗಳೆಲ್ಲ ಸೇರೋದು ಹೊಳೆಗೇ, ಆ ನೀರು ಕುಡಿಯೋ ಜನ ಕೆಳಗಿದ್ದಾರೆ. ಕ್ಯಾನಿಗೆ ತುಂಬಿ ಹಳೇ ಆಯಿಲ್ ತಗೊಳ್ಳೋರಿಗೆ ಕೊಡಿ.

ಪ್ರಶ್ನೆ: ಭಾಗಮಂಡಲ–ನಾಪೋಕ್ಲು ರಸ್ತೆಯಲ್ಲಿ ಮಳೆಗಾಲದಲ್ಲಿ ನೀರು ನಿಂತಿದ್ದಾಗ ದಾಟ್ಕೊಂಡು ಬಂದೆ, ಗೇರ್ ಬಾಕ್ಸಿಗೆ ಏನಾದ್ರೂ ಆಗಿರುತ್ತಾ?

ಉತ್ತರ: ಗೇರ್ ಬಾಕ್ಸ್ ಉಸಿರಾಡೋ ಪೈಪ್ ನೀರಲ್ಲಿ ಮುಳುಗಿದ್ರೆ, ಬಿಸಿ ಗೇರ್ ಬಾಕ್ಸ್ ತಣ್ಣಗಾಗುವಾಗ ನೀರು ಒಳಗೆ ಎಳ್ಕೊಳ್ಳುತ್ತೆ. ಸ್ವಲ್ಪ ಆಯಿಲ್ ತೆಗೆದು ನೋಡಿ, ರೋಸ್ ಮಿಲ್ಕ್ ಥರ ಇದ್ರೆ ನೀರು ಸೇರಿದೆ ಅಂತನೇ. ಆಗ ಓಡಿಸ್ಲೇಬೇಡಿ, ಕ್ಲಚ್ ಪ್ಲೇಟಿನ ಮೇಲಿನ ಪದರ ನೀರಿಗೆ ಅಂಟು ಬಿಟ್ಟು ಕಳಚ್ಕೊಳ್ಳುತ್ತೆ. ಇದು ಮನೇಲಿ ಮಾಡೋ ಕೆಲ್ಸ ಅಲ್ಲ, ಗಾಡಿನ ಲಾರಿ ಮೇಲೆ ಹಾಕಿ ಕಳಿಸಿ.